ಪಡುಬದಿಗೆ ಇಟ್ಟ ಯಂತ್ರ

ಕೋಡಿಯ ಮಹಾಜನರೇ, ಕಿವಿಗೊಟ್ಟು ಕೇಳಿ! ವೇದಿಕೆಯ ಅಭ್ಯಾಸಬಲ, ಜಲಜಾ. ಕೇಳಲು ನೀನೇ ಇಲ್ಲ. ನನ್ನ ಕೈಹಿಡಿದವಳು ನೀನು, ತೀರಿಹೋಗಿ ನಾಲ್ಕು ತಿಂಗಳಾಯಿತು.

ಇವತ್ತು ಮೀನಿನ ಹಿಟ್ಟಿನ ಕಾರ್ಖಾನೆಯ ವಿಷಗಾಳಿ ಅಳೆಯಲು ಅಧಿಕಾರಿಗಳು ಬಂದರು. ಯಂತ್ರ ಇಟ್ಟದ್ದೆಲ್ಲಿ? ಕಾರ್ಖಾನೆಯ ಪಡುಬದಿಗೆ. ಹಗಲಿಡೀ ಕಡಲ ಗಾಳಿ ಹೊಗೆಯನ್ನು ಮೂಡಕ್ಕೆ, ನಮ್ಮ ಕೇರಿಗೆ ತಳ್ಳುತ್ತದೆ.

"ಹ್ವಾಯ್, ಗಾಳಿ ಹೋಪ್ದ್ ಮೂಡ್ ಬದಿಗೆ, ಅಲ್ಲಿಡಿ" ಅಂದೆ.

"ಎಂತ ಭಾಗವತ್ರೇ, ನಾಟಕದ ಪರದೆ ಕೊಟ್ಟಾಗ ನಮ್ಮನ್ನು ಹೊಗಳಿದವರು ನೀವೇ ಅಲ್ದಾ?" ಎಂದು ಕಾರ್ಖಾನೆಯ ಮ್ಯಾನೇಜರ್ ನಕ್ಕ.

ಹೌದು, ಹೊಗಳಿದ್ದೆ. ಅವತ್ತು ಸಭೆಯ ಮುಂದಿನ ಸಾಲಿನಲ್ಲಿ ಕೂತು ನೀನು ಸೆರಗು ಬಾಯಿಗೊತ್ತಿ ಕೆಮ್ಮುತ್ತಿದ್ದೆ. ಮಾತು ಕೆಡುತ್ತದೆಂದು ನಾನು ವೇದಿಕೆಯಿಂದಲೇ ಕಣ್ಣು ಕೆಂಪು ಮಾಡಿದೆ.

ಯಂತ್ರ ಇನ್ನೆರಡು ದಿನ ಅಲ್ಲೇ ಇರುತ್ತದಂತೆ. ನಾಳೆ ಬೆಳಿಗ್ಗೆ, ಕಡಲ ಗಾಳಿ ಏಳುವ ಮೊದಲೇ, ಅದನ್ನು ಹೊತ್ತು ತಂದು ನೀನು ಮಲಗುತ್ತಿದ್ದ ಕಿಟಕಿಯಡಿ ಇಟ್ಟು, ಪಕ್ಕದಲ್ಲಿ ನಾನೇ ಕಾವಲು ಕೂರುತ್ತೇನೆ.