ದೋಣಿ ಖೋಲಿ ಕಿತ್ತೇನಿ

ದೇವಿಂದ್ರಣ್ಣಾ,

ದೋಣಿ ಖೋಲಿಯೊಳಗ ನೀ ಬಡಿಸಿದ ಪ್ಲೈವುಡ್ ಎಲ್ಲಾ ಕಿತ್ತು ದಂಡಿಮ್ಯಾಲ ಒಗದೇನಿ. ಕಳ್ಳರು ಬಂದಿಲ್ಲ, ನಾನೇ ಕಿತ್ತೇನಿ. ಒದರ್ಯಾಡಬ್ಯಾಡ.

ನಾಳೆ ತಂಗಿ ನಿಂಬೆವ್ವನ್ನ, ಕೂಸನ್ನ ಇದೇ ದೋಣಿಯೊಳಗ ಕರಕೊಂಡು ಹೋಗಾಕ ಕೊಳಕೂರ ಬೀಗರು ಬರ್ತಾರ, ಹಳೀ ಹಲಿಗಿ ನೋಡಿ ನಕ್ಕಾರು ಅಂತ ನಿನಗ ಚಿಂತಿ. ನಾ ಹವಳಗಾಕ್ಕ ಕಬ್ಬಿನ ಗಾಡಿ ಹೊಡ್ಯಾಕ ಹೋದಾಗ ಗುಲಾಬಿ ಬಣ್ಣ, ರೆಕ್ಸಿನ್ ಗಾದಿ, ಪಡದೆ ಎಲ್ಲಾ ಮಾಡಿಸಿದಿ. ಅಪ್ಪ ಇದ್ದಾಗ ಒಳಗಿನ ಹಲಿಗಿಗೆ ಬರೇ ಎಣ್ಣಿ ಯಾಕ ತಿಕ್ಕತಿದ್ದ? ಮಂದಿ ಹತ್ತೂಕಿಂತ ಮೊದಲ ದಿನಾ ಅಂಗೈ ಆಡಿಸಿ, ಎಲ್ಲಿ ಹಸಿ ಅದ ನೋಡ್ತಿದ್ದ. ಇವತ್ತ ನಾ ಆಡಿಸಿದರ ಕೈಗೆ ಹತ್ತಿದ್ದು ಬರೇ ನಿನ್ನ ಬಣ್ಣ. ಒಂದು ಮೂಲಿ ಎಬ್ಬಿಸಿದೆ. ಹಿಂದ ನೀರು ನಿಂತದ, ಕೊಳತ ಹಲಿಗಿಯೊಳಗ ಹೆಬ್ಬೆಟ್ಟು ಇಳದು ತೂತು ಬಿತ್ತು.

"ಸಾಲಿ ಬಿಟ್ಟಾಂವಗ ಚಂದ ಅಂದ್ರ ಏನ್ ತಿಳೀತದಲೇ" ಅಂತ ಮಂದಿ ಮುಂದ ಅಂದಿ. ಹೌದಪಾ, ತಿಳಿಯಂಗಿಲ್ಲ. ಕೂಸು ಮುಳಗೋದು ತಿಳೀತದ.

ಹಲಿಗಿ, ಡಾಂಬರ ತರಾಕ ಅಫಜಲಪುರಕ್ಕ ಹೊಂಟೇನಿ. ನಾ ಬರೂತನಕ ಬೀಗರಿಗೆ ಊಟಾ ಹಾಕಿ ಕುಂದರಸು. ಅವಸರ ಮಾಡಿದರ ಬಸ್ಸಿಗೆ ಕಳಸು. ಎಮ್ಮಿಗೆ ಕಣಕಿ ಹಾಕು. ಯವ್ವಗ ತೂತಿನ ಸುದ್ದಿ ಹೇಳಬ್ಯಾಡ, ಅಂಜತಾಳ. ಪಡದೆ ನಿಂಬೆವ್ವ ಬಾಣಂತನದಾಗ ಕುಂತು ಹೊಲದಾಳ, ಅದನ್ನಷ್ಟೇ ಮಡಚಿ ಟ್ರಂಕಿನಾಗ ಇಟ್ಟೇನಿ.

ನನ್ನ ಮ್ಯಾಲಿನ ಹಟಕ್ಕ ನೀ ಹಗ್ಗ ಬಿಚ್ಚಿ ದೋಣಿ ನೀರಿಗೆ ಬಿಡಾಂವನೇ. ಹುಟ್ಟು, ಹಾಯಿ ಹುಡುಕಬ್ಯಾಡ. ಎರಡೂ ನನ್ನ ಸಂಗಾಟ ಬಸ್ಸಿನ ಟಾಪಿನ ಮ್ಯಾಲ ಹೊಂಟಾವ.

ಬಸವಂತ