ಕರೆದರೂ ತಿರುಗದ ಮಗು

ಏಲ್ಮರ್, ಒಂಟಾರಿಯೋ
14 ನವೆಂಬರ್ 2004

ಪ್ರೀತಿಯ ಅಪ್ಪನಿಗೆ, ದೂರದ ಮಗಳು ಹೆಲೆನಾ ಪ್ರೀತಿ ಮತ್ತು ಶಾಂತಿಯನ್ನು ಹಾರೈಸಿ ಬರೆಯುವುದು.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು, ತಡಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ದೇವರ ದಯೆಯಿಂದ ಎಲ್ಲರೂ ಚೆನ್ನಾಗಿದ್ದೇವೆ. ಟೊಮೇಟೊ ಕೊಯ್ಲು ಮುಗಿಯಿತು, ಮೊನ್ನೆ ಮೊದಲ ಹಿಮ ಬಿತ್ತು. ಹಂದಿ ಕೊಯ್ದು ಸಾಸೇಜು ಮಾಡಿದೆ. ಅಮ್ಮನ ಕೈರುಚಿ ಬರಲಿಲ್ಲ. ನನ್ನ ಗಂಡ ಅಬ್ರಾಮ್ ಒಂದು ಸಲವೂ ಹೊಗಳದೆ ತಿಂದಾಗಲೇ ಗೊತ್ತಾಯಿತು. ಅಮ್ಮನ ಮಂಡಿನೋವು ಈಗ ಹೇಗಿದೆ?

ಸರ್ಕಾರದವರ ಬಾಗಿಲು ಕಾಯುವ ಕೆಲಸ ಬಿಡು ಎಂದು ನೀವು ಬರೆದಿದ್ದಿರಿ. ಅಪ್ಪಾ, ನಾನು ಮಾಡುವುದು ಇಷ್ಟೇ. ಮೆಕ್ಸಿಕೋದಿಂದ ಬರುವ ನಮ್ಮ ಮೆನೊನೈಟ್ ಪಂಥದ ಕುಟುಂಬಗಳಿಗೆ ಇಲ್ಲಿನ ಇಂಗ್ಲಿಷ್ ಬಾರದು. ಅವರನ್ನು ಆಸ್ಪತ್ರೆಗೆ, ಶಾಲೆಗೆ, ಕಚೇರಿಗಳಿಗೆ ಕರೆದೊಯ್ದು ಇವರ ಮಾತನ್ನು ಅವರಿಗೂ ಅವರ ಮಾತನ್ನು ಇವರಿಗೂ ದಾಟಿಸುತ್ತೇನೆ. ಬಿಡಬೇಕೆಂದು ನನಗೂ ಎಷ್ಟೋ ಸಲ ಅನ್ನಿಸಿದೆ. ಆದರೆ ಕಳೆದ ಮಂಗಳವಾರ ಕಂಡದ್ದನ್ನು ಹೇಳದೆ ಇರಲಾರೆ.

ಮೆಕ್ಸಿಕೋದಲ್ಲಿ ನಮ್ಮ ಪಕ್ಕದ ಹಳ್ಳಿಯವನಾದ ಬೆರ್ನಾರ್ಡ್ ಹೀಬರ್ಟ್ ಹೋದ ವಸಂತದಲ್ಲಿ ಸಂಸಾರ ಸಮೇತ ಇಲ್ಲಿಗೆ ಬಂದ. ಅವನ ಮಗಳು ಯುಸ್ತಿನಾಗೆ ಒಂಬತ್ತು ವರ್ಷ. ಇಲ್ಲಿನ ಶಾಲೆಯಿಂದ ದಿನಕ್ಕೊಂದು ದೂರು: ಹೇಳಿದ್ದು ಮಾಡುವುದಿಲ್ಲ, ಕರೆದರೆ ಬರುವುದಿಲ್ಲ. ಭಾಷೆ ಹೊಸದು, ಅದಕ್ಕೇ ಹೀಗೆ ಎಂದು ನಾನೂ ಸಮಾಧಾನ ಹೇಳುತ್ತಿದ್ದೆ. ಬೆರ್ನಾರ್ಡ್ ರೋಸಿಹೋಗಿ, ಶನಿವಾರದ ವ್ಯಾನಿನಲ್ಲಿ ಅವಳನ್ನು ಮೆಕ್ಸಿಕೋದ ಅಜ್ಜಿಯ ಹತ್ತಿರ ಸಾಗಹಾಕುವುದೆಂದು ತೀರ್ಮಾನಿಸಿದ. ತಾಯಿ ಸೂಸಾನ್ನಾ ಹಿಟ್ಟು ನಾದುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಳಿಸುವ ಮೊದಲು ಒಂದು ಸಲ ಆಸ್ಪತ್ರೆಯಲ್ಲಿ ಕಿವಿ ತೋರಿಸೋಣ ಎಂದು ಕೈಮುಗಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ.

"ಕಿವಿಗೇನಾಗಿದೆ? ತಿನ್ನೋಕೆ ಕರೆದ್ರೆ ಓಡಿ ಬರ್ತಾಳೆ. ಕೆಲಸ ಅಂದ್ರೆ ಮಾತ್ರ ಕಲ್ಲು," ಎಂದು ಗೊಣಗುತ್ತಲೇ ಬೆರ್ನಾರ್ಡ್ ಬಂದ. ದಾರಿಯುದ್ದಕ್ಕೂ ಸೂರ್ಯಕಾಂತಿ ಬೀಜ ಒಡೆದು ನನ್ನ ಕಾರಿನ ತುಂಬ ಸಿಪ್ಪೆ ಚೆಲ್ಲಿದ, ಪುಣ್ಯಾತ್ಮ.

ಪರೀಕ್ಷೆ ಮಾಡುವ ಹುಡುಗಿ ಯುಸ್ತಿನಾಳ ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿದಾಗೆಲ್ಲ ಒಂದು ಮರದ ತುಂಡನ್ನು ಡಬ್ಬಿಗೆ ಹಾಕಲು ಸನ್ನೆ ಮಾಡಿದಳು. ಮಗು ತುಂಡು ಹಿಡಿದು ಕೂತೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಆ ಹುಡುಗಿ ಹೊರಬಂದು, "ಇವಳಿಗೆ ಹೆಚ್ಚುಕಡಿಮೆ ಏನೂ ಕೇಳಿಸೋದಿಲ್ಲ. ತುಟಿ ನೋಡಿ ತಿಳ್ಕೊಳ್ತಾಳೆ," ಎಂದಳು. ನಾನು ಅದನ್ನು ನಮ್ಮ ಮಾತಿಗೆ ತಿರುಗಿಸಿದೆ.

ಬೆರ್ನಾರ್ಡ್ ರೇಗಿದ. "ಸುಳ್ಳು! ಊರಿನ ಶಾಲೇಲಿ ಧರ್ಮಬೋಧೆ ಪುಸ್ತಕ ಪೂರ್ತಿ ಬಾಯಿಪಾಠ ಒಪ್ಪಿಸ್ತಿದ್ಳು. ಒಂದು ತಪ್ಪಿಲ್ಲ!"

"ಅದರ ಅರ್ಥ ಅವಳಿಗೆ ಗೊತ್ತಿತ್ತಾ, ಕೇಳಿ," ಎಂದಳು ಆ ಹುಡುಗಿ.

"ಅರ್ಥಾನಾ? ನನಗೇ ಗೊತ್ತಿಲ್ಲ. ಎಲ್ಲಾ ಮಕ್ಕಳೂ ಒಟ್ಟಿಗೆ ಕೂಗ್ತಾರೆ, ಇವಳೂ ಕೂಗ್ತಾಳೆ."

ಅಪ್ಪಾ, ನಮ್ಮ ಶಾಲೆ ನಿಮಗೆ ಗೊತ್ತಲ್ಲ. ಮನೆಯ ಮಾತೇ ಬೇರೆ, ಪುಸ್ತಕದ ಜರ್ಮನ್ನೇ ಬೇರೆ. ಯಾರಿಗೂ ಅರ್ಥವಾಗದ್ದನ್ನು ಎಲ್ಲರೂ ಸೇರಿ ಕೂಗುವಾಗ ಕೇಳಿಸದ ಮಗು ಯಾವುದೆಂದು ಹೇಗೆ ತಿಳಿಯಬೇಕು? ಪಕ್ಕದವಳ ತುಟಿ ನೋಡಿ ತಾನೂ ಕೂಗಿತು, ಅಷ್ಟೇ.

ಬೆರ್ನಾರ್ಡ್ ಎದ್ದು ಹೋಗಿ ಮಗಳ ಹಿಂದೆ ನಿಂತ. "ಯುಸ್ತಿನಾ," ಎಂದ. ಮತ್ತೆ ಕರೆದ. ಮೂರನೆಯ ಸಲ ಕೊಟ್ಟಿಗೆಯಲ್ಲಿ ಕೂಗುವ ಹಾಗೆ ಕೂಗಿದ. ಹೊರಗಿದ್ದವರೆಲ್ಲ ಬಾಗಿಲಿಗೆ ಓಡಿಬಂದರು. ಮಗು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಲೇ ಇತ್ತು.

ಅವನು ಮಗಳ ಪಕ್ಕ ನೆಲದ ಮೇಲೇ ಕೂತ. "ನಿನ್ನೆ ಬೆಲ್ಟಲ್ಲಿ ಹೊಡ್ದಿದ್ದೆ ಹೆಲೆನಾ... ಕರೆದ್ರೆ ತಿರುಗಲ್ಲ ಅಂತ," ಎಂದ. ಅದನ್ನು ನಾನು ಆ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಲಿಲ್ಲ.

ಶನಿವಾರದ ವ್ಯಾನು ಯುಸ್ತಿನಾ ಇಲ್ಲದೆ ಹೋಯಿತು. ಕಿವಿಗೆ ಕೇಳಿಸುವ ಯಂತ್ರ ಬರುತ್ತದಂತೆ, ಕಲಿಸಲು ಬೇರೆ ಟೀಚರೂ ಸಿಗುತ್ತಾರಂತೆ. ನಮ್ಮ ಚರ್ಚಿನವರು ಒಪ್ಪದಿದ್ದರೆ ಎಂದು ಸೂಸಾನ್ನಾ ಹೆದರಿದಾಗ ಬೆರ್ನಾರ್ಡ್, "ಹಿರಿಯರ ಹತ್ರ ನಾನೇ ಮಾತಾಡ್ತೀನಿ, ನೀನು ಸುಮ್ನಿರು," ಎಂದು ಗದರಿದ. ಅವನ ಗದರಿಕೆ ಕೇಳಿ ನನಗೆ ಮೊದಲ ಸಲ ಸಂತೋಷವಾಯಿತು.

ಚಳಿಯಲ್ಲಿ ಎದೆ ಬೆಚ್ಚಗಿಟ್ಟುಕೊಳ್ಳಿ. ದೇವರು ನಿಮ್ಮಿಬ್ಬರನ್ನೂ, ಮನೆಯಲ್ಲಿರುವ ಎಲ್ಲರನ್ನೂ ಕಾಯಲಿ.

ನಿಮ್ಮ ಮಗಳು,
ಹೆಲೆನಾ

ಸಹಿ ಹಾಕಿದ ಮೇಲೆ:

ಅಪ್ಪಾ, ಲಕೋಟೆ ಅಂಟಿಸಲು ಆಗುತ್ತಿಲ್ಲ. ಹೇಳಿದ ಮಾತು ಕೇಳದವನನ್ನು ಇನ್ನೆಷ್ಟು ದಿನ ಇಟ್ಟುಕೊಳ್ಳಲಿ, ಕ್ರಿಸ್ಮಸ್ ಕಳೆದ ಮೇಲೆ ಬೊಲಿವಿಯಾಕ್ಕೆ ಹೊರಟವರ ಜೊತೆ ನಿನ್ನ ತಮ್ಮ ಐಸಾಕನನ್ನು ಕಳಿಸಿಬಿಡುತ್ತೇನೆ ಎಂದು ಬರೆದಿದ್ದಿರಿ.

ಅವನ ದೀಕ್ಷಾಸ್ನಾನದ ಪ್ರಶ್ನೋತ್ತರದ ಭಾನುವಾರ ನೆನಪು ಮಾಡಿಕೊಳ್ಳಿ. ಸಾಲಿನಲ್ಲಿ ತನಗೆ ಬರಬೇಕಾದ ಪ್ರಶ್ನೆ ಯಾವುದೆಂದು ಎಣಿಸಿಕೊಂಡು ಹೋಗಿದ್ದ. ಇವನಿಗಿಂತ ಮುಂದೆ ನಿಂತ ಹುಡುಗ ತಡವರಿಸಿದ್ದರಿಂದ ಅವನ ಪ್ರಶ್ನೆಯೇ ಇವನಿಗೆ ಬಂತು. ಬೋಧಕರು ಪುಸ್ತಕದೊಳಗೆ ತಲೆ ತಗ್ಗಿಸಿ ಕೇಳಿದರು. ಇವನು ತಾನು ಎಣಿಸಿಕೊಂಡಿದ್ದ ಉತ್ತರವನ್ನೇ ಹೇಳಿದ. ಜನ ನಕ್ಕರು. ಮತ್ತೆ ಕೇಳಿದರು, ಮತ್ತೆ ಅದನ್ನೇ ಗಟ್ಟಿಯಾಗಿ ಹೇಳಿದ. ದೇವರ ಮನೆಯಲ್ಲೇ ಹಟ ಮಾಡಿದನೆಂದು ನೀವು ಅವನನ್ನು ಎಳೆದುಕೊಂಡು ಬಂದಿರಿ. ದೀಕ್ಷೆ ಆಗಿಲ್ಲ ಎಂದು ಯಾರೂ ಅವನಿಗೆ ಹೆಣ್ಣು ಕೊಡಲಿಲ್ಲ.

ಅವನನ್ನು ಕಳಿಸುವ ಮೊದಲು ಒಂದೇ ಒಂದು ಸಲ, ಬೆಳಕಿರುವಾಗ, ಅವನ ಎದುರು ನಿಂತು ಮಾತಾಡಿ ಅಪ್ಪಾ. ನೀವು ಇಷ್ಟು ವರ್ಷ ಬಯ್ದದ್ದೆಲ್ಲ ಅವನ ಬೆನ್ನಿಗೆ.