ಕರಿ ಉಣ್ಣೆ ಕೇಳಿಕೊಂಡು ಬಂದವರು

ಅತ್ತೆ,

ನೀವು ತೀರಿಕೊಂಡು ಎರಡು ವರ್ಷವಾಯಿತು, ಈ ಪತ್ರ ನಿಮ್ಮ ಕೈ ಸೇರುವುದಿಲ್ಲ. ಆದರೂ ಇವತ್ತಿನ ಸಂಗತಿ ನಿಮಗೇ ಹೇಳಬೇಕು.

ಬೆಳಿಗ್ಗೆ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದಾಗ ಕಂಬಳಿ ನೇಯುವ ಹೆಂಗಸೊಬ್ಬರು ಬಂದರು. ಬಣ್ಣ ಹಾಕದ ಕರಿ ಉಣ್ಣೆಗಾಗಿ ಊರೂರು ಅಲೆದಿದ್ದರಂತೆ. ಎಲ್ಲೆಲ್ಲೂ ಬಿಳಿ ಕುರಿಗಳೇ. ನಮ್ಮ ಕುರಿಯ ಉಣ್ಣೆಯೊಳಗೆ ಬೆರಳಾಡಿಸಿ, "ಈ ತಳಿ ಮುಗಿದೇ ಹೋಯ್ತು ಅಂದ್ಕೊಂಡಿದ್ದೆ ಕಣಮ್ಮ. ಯಾರು ಉಳಿಸಿದ್ದು?" ಎಂದರು.

"ನಮ್ಮತ್ತೆ" ಎಂದೆ.

ನೀವು ಆಸ್ಪತ್ರೆಯಲ್ಲಿದ್ದಾಗ ನಿಮ್ಮನ್ನು ಕೇಳದೆ ಇದ್ದೊಂದು ಕರಿ ಟಗರನ್ನು ಮಾರಿದವಳು ನಾನು. ಮನೆಗೆ ಬಂದ ನೀವು ಖಾಲಿ ಗೂಟ ನೋಡಿಯೂ ನನ್ನನ್ನು ಬೈಯಲಿಲ್ಲ. ಮೈಯಲ್ಲಿ ಕಸುವಿಲ್ಲದಿದ್ದರೂ ತಂಗಿಯ ಊರಿಗೆ ಹೋಗಿ, ಕರಿ ಟಗರುಮರಿಯೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿರಿ. "ದಾರಿಯುದ್ದಕ್ಕೂ ಕಿಟಕಿ ಪಕ್ಕದ ಸೀಟು ಇವನಿಗೇ ಬೇಕಂತೆ" ಎಂದು ನನ್ನನ್ನು ನಗಿಸಿದಿರಿ. ಇವತ್ತು ನಾನು ಕತ್ತರಿಸಿದ್ದೆಲ್ಲ ಅದರ ಮರಿಗಳ ಉಣ್ಣೆ.

"ಅತ್ತೆ ಒಬ್ಬರೇನಾ ಉಳಿಸಿದ್ದು?" ಎಂದು ಆಕೆ ಕೇಳಿದರು. ಪಕ್ಕದಲ್ಲಿ ಕುರಿ ಹಿಡಿದುಕೊಂಡಿದ್ದ ನಿಮ್ಮ ಮಗ, "ಸೊಸೆ ಇಲ್ದಿದ್ರೆ ಈ ಕುರಿಗಳು ಉಳೀತಿರ್ಲಿಲ್ಲ ಅಂತ ಅಮ್ಮ ಎಲ್ರಿಗೂ ಹೇಳ್ತಿದ್ಲು" ಎಂದರು.

ಟಗರು ಮಾರಿದ ನನ್ನ ಬಗ್ಗೆ ನೀವು ಹಾಗೆ ಹೇಳುತ್ತಿದ್ದದ್ದು ನನಗೆ ಇವತ್ತೇ ಗೊತ್ತಾದದ್ದು, ಅತ್ತೆ.

ನಿಮ್ಮ ಸೊಸೆ